ಮೂವತ್ತು ಡಿಗ್ರಿ

1999ರ ಜುಲೈ ತಿಂಗಳಲ್ಲಿ ಕೇದಾರನ ಹೆಸರಿಗೆ ಮೈಸೂರಿನಿಂದ ಒಂದು ದಪ್ಪ ಲಕೋಟೆ ಬಂತು. ಕೇದಾರ್ ಪುಣೆಯ ಕೆಲಸಕ್ಕೆ ಸೇರಿ ಆಗಲೇ ಏಳು ತಿಂಗಳಾಗಿತ್ತು. ದೊಡ್ಡನೆಕ್ಕುಂದಿಯ ಆ ಸಣ್ಣ ಗಾಜು ಸಂಶೋಧನಾಲಯದಲ್ಲಿ ಅವನ ಜಾಗಕ್ಕೆ ಇನ್ನೂ ಯಾರೂ ಬಂದಿರಲಿಲ್ಲ. ಉಳಿದಿದ್ದವಳು ಕುಲುಮೆ ನೋಡಿಕೊಳ್ಳುವ ಪ್ರತಿಭಾ. ಅವಳೇ ಲಕೋಟೆ ಒಡೆದಳು.

ಪ್ರತಿಭಾ ದಾವಣಗೆರೆಯವಳು. ವಯಸ್ಸು ಮೂವತ್ತೇಳು, ಮದುವೆಯಾಗಿರಲಿಲ್ಲ. ಲಿಂಗರಾಜಪುರದಲ್ಲಿ ಫಹ್ಮಿದಾ ಎಂಬಾಕೆಯ ಮನೆಯ ಮಹಡಿ ಮೇಲಿನ ಒಂಟಿ ಕೋಣೆಯಲ್ಲಿದ್ದಳು. ಡಿಪ್ಲೊಮಾ ಮುಗಿಸಿ ಲ್ಯಾಬಿಗೆ ಸೇರಿದವಳು ಕೇದಾರನ ಜೊತೆ ಮೂರು ವರ್ಷ ಒಂದೇ ಕೆಲಸ ಮಾಡಿದ್ದಳು. ಎರ್ಬಿಯಂ ಎಂಬ ಅಪರೂಪದ ಲೋಹವನ್ನು ಚಿಟಿಕೆಯಷ್ಟು ಬೆರೆಸಿ ಗಾಜು ಎರಕ ಹೊಯ್ಯುವುದು, ಆ ಗಾಜನ್ನು ಮತ್ತೆ ಹದವಾಗಿ ಕಾಯಿಸುವುದು. ಹದ ಸರಿಯಾದರೆ ಗಾಜಿನೊಳಗೆ ಅಲ್ಲಲ್ಲಿ ಅಣುಗಳು ಸಾಲುಗಟ್ಟಿ ಹರಳಾಗುತ್ತವೆ. ಬೆಳಕಿಗೂ ಅಡ್ಡ ಬರದಷ್ಟು ಚಿಕ್ಕ ಹರಳುಗಳು. ಗಾಜು ತಿಳಿಯಾಗಿಯೇ ಉಳಿಯುತ್ತದೆ. ಎರ್ಬಿಯಂ ಆ ಹರಳುಗಳೊಳಗೆ ಹೋಗಿ ಕೂರಬೇಕು. ಬರೀ ಗಾಜಿನಲ್ಲಿದ್ದರೆ ಅದಕ್ಕೆ ಕೊಟ್ಟ ಶಕ್ತಿಯೆಲ್ಲ ಸುತ್ತಲಿನ ಅಣುಗಳ ನಡುಕದಲ್ಲಿ ಶಾಖವಾಗಿ ಸೋರಿ ಹೋಗುತ್ತದೆ. ಹರಳಿನೊಳಗೆ ಆ ನಡುಕ ಕಡಿಮೆ. ಆಗ ಕಣ್ಣಿಗೆ ಕಾಣದ ಅತಿಗೆಂಪು ಕಿರಣ ಬಿಟ್ಟರೂ ಗಾಜು ಹಸಿರಾಗಿ ಉರಿಯುತ್ತದೆ.

ಅದು ಮೊದಲ ಸಲ ಹಾಗೆ ಉರಿದದ್ದು 1997ರ ಮಾರ್ಚಿನ ಒಂದು ಬೆಳಿಗ್ಗೆ. ಕಪ್ಪು ಪರದೆ ಎಳೆದ ಕೋಣೆಯಲ್ಲಿ ಕೇದಾರ್ "ನೋಡ್ರೀ ಪ್ರತಿಭಾ, ನೋಡ್ರೀ" ಎಂದು ಅವಳ ಮಣಿಕಟ್ಟು ಹಿಡಿದುಕೊಂಡಿದ್ದ. ಹಿಡಿದದ್ದು ಅವನ ಗಮನಕ್ಕೇ ಬಂದಿರಲಿಲ್ಲ. ಅವಳಿಗೆ ಎರಡು ವರ್ಷವಾದರೂ ಮರೆತಿರಲಿಲ್ಲ. ಅದನ್ನು ಅವಳು ಯಾರಿಗೂ ಹೇಳಲೂ ಇಲ್ಲ. ಕೇದಾರ್ ಪ್ರಬಂಧ ಪ್ರಕಟಿಸಿದ, ಮದುವೆಯಾದ, ಪುಣೆಗೆ ಹೋದ. ಪ್ರಬಂಧದ ಕೊನೆಯಲ್ಲಿ, ಕುಲುಮೆಯ ಸಹಾಯಕ್ಕಾಗಿ ಎಂದು, ಅವಳಿಗೊಂದು ಸಾಲಿನ ವಂದನೆ ಇತ್ತು. ಈಗಲೂ ತಿಂಗಳಿಗೊಮ್ಮೆ ಲ್ಯಾಬಿನ ಫೋನಿಗೆ ಕರೆ ಮಾಡಿ ಯೋಗಕ್ಷೇಮ ವಿಚಾರಿಸುತ್ತಿದ್ದ. ಕೆಲಸದ ಮಾತು ಬಿಟ್ಟು ಅವಳನ್ನು ಬೇರೇನಾದರೂ ಕೇಳುತ್ತಿದ್ದ ಮನುಷ್ಯ ಅವನೊಬ್ಬನೇ.

ಲಕೋಟೆಯಲ್ಲಿದ್ದುದು ಪ್ರಿಯಾ ಎಂಬ ಸಂಶೋಧನಾ ವಿದ್ಯಾರ್ಥಿನಿಯ ಪತ್ರ. 'ನೀವು ಪ್ರಬಂಧದಲ್ಲಿ ಬರೆದಂತೆಯೇ 440 ಡಿಗ್ರಿಯಲ್ಲಿ ಕಾಯಿಸುತ್ತಿದ್ದೇನೆ. ಒಂದೂವರೆ ವರ್ಷವಾಯಿತು, ಒಂದು ಹರಳೂ ಹುಟ್ಟಲಿಲ್ಲ. ತಪ್ಪು ನನ್ನ ಕೈಯದ್ದೇ ಎನ್ನುತ್ತಾರೆ ನಮ್ಮ ಮೇಷ್ಟ್ರು. ಡಿಸೆಂಬರಿಗೆ ನನ್ನ ಫೆಲೋಶಿಪ್ ಮುಗಿಯುತ್ತದೆ. ಎಲ್ಲಿ ಎಡವುತ್ತಿದ್ದೇನೆ ಎಂದು ದಯವಿಟ್ಟು ತಿಳಿಸಿ.' ಜೊತೆಗೆ ಎಕ್ಸ್-ರೇ ಪರೀಕ್ಷೆಯ ನಕ್ಷೆಗಳಿದ್ದವು. ಹರಳಿದ್ದರೆ ನಕ್ಷೆಯಲ್ಲಿ ಚೂಪಾದ ಗೆರೆಗಳು ಏಳಬೇಕು. ಇವುಗಳಲ್ಲಿ ಎಮ್ಮೆಯ ಬೆನ್ನಿನಂಥ ಒಂದು ದಿಬ್ಬ ಮಾತ್ರ ಇತ್ತು.

ಪ್ರತಿಭಾ ನಕ್ಷೆಗಳನ್ನು ಎರಡು ಸಲ ತಿರುವಿ ನೋಡಿದಳು. ಹುಡುಗಿಯ ಕೆಲಸ ಚೊಕ್ಕಟವಾಗಿತ್ತು. ಹಾಗಾದರೆ ತಪ್ಪು ಇಲ್ಲಿಯದೇ ಇರಬಹುದೆ? ಕುಲುಮೆಯ ಶಾಖ ಅಳೆಯುವ ತಂತಿಯನ್ನು ಆರು ವರ್ಷದಿಂದ ಬದಲಿಸಿರಲಿಲ್ಲ.

ಮರುದಿನ ಬೆಳಿಗ್ಗೆ ಒಂದು ಚೂರು ಶುದ್ಧ ಸತುವನ್ನು ಪಿಂಗಾಣಿ ಬಟ್ಟಲಿಗೆ ಹಾಕಿ ಕುಲುಮೆಯೊಳಗೆ ಇಟ್ಟಳು. ಸತು ಕರಗುವುದು ಹೆಚ್ಚುಕಡಿಮೆ 420 ಡಿಗ್ರಿಗೆ. ಅದರಲ್ಲಿ ಎರಡು ಮಾತಿಲ್ಲ. ಶಾಖವನ್ನು ನಿಧಾನವಾಗಿ ಏರಿಸುತ್ತ ಇಣುಕು ಕಿಂಡಿಗೆ ಕಣ್ಣಿಟ್ಟು ನಿಂತಳು. ಚೂರಿನ ಅಂಚು ಮೊದಲು ಮೆತ್ತಗಾಯಿತು, ಆಮೇಲೆ ಇಡೀ ಚೂರು ದುಂಡಗಿನ ಹನಿಯಾಗಿ ಕುಸಿಯಿತು. ಮೀಟರ್ ನೋಡಿದಳು. 390.

ಇನ್ನೆರಡು ಸಲ ಮಾಡಿದಳು. ಎರಡು ಸಲವೂ 390.

ಅಂದರೆ ಮೀಟರ್ ಮೂವತ್ತು ಡಿಗ್ರಿ ಕಡಿಮೆ ತೋರಿಸುತ್ತಿತ್ತು. ಅವರು 440 ಎಂದುಕೊಂಡದ್ದು ನಿಜದಲ್ಲಿ 470. ಪ್ರಬಂಧದ ಮುಖ್ಯ ಸಂಖ್ಯೆಯೇ ತಪ್ಪು. ಕುಲುಮೆ ಅವಳ ಜವಾಬ್ದಾರಿ. ಆದ್ದರಿಂದ ತಪ್ಪು ಅವಳದೂ ಹೌದು.

ಕೇದಾರನಿಗೆ ಫೋನ್ ಮಾಡಿದಳು. ಸತುವಿನ ವಿಷಯ ಹೇಳಿದಳು.

"ಮೂರು ಸಲ ಚೆಕ್ ಮಾಡಿದ್ರಾ?"

"ಮಾಡ್ದೆ. ಒಂದೇ ರೀಡಿಂಗ್."

"ಪ್ರತಿಭಾ, ಈಗ ಇದನ್ನ ಕೆದಕ್ಬೇಡಿ. ಗಾಜು ಹೊಳೀತು, ಅದಂತೂ ಸುಳ್ಳಲ್ಲ ತಾನೆ? ನಂದು ಇಲ್ಲಿ ಪ್ರೊಬೇಷನ್. ಆ ಪೇಪರ್ ನೋಡೇ ಕೆಲ್ಸ ಕೊಟ್ಟಿರೋದು."

"ಆ ಹುಡುಗಿಗೆ ಏನು ಹೇಳ್ಲಿ?"

"ಕೇದಾರ್ ಊರಲ್ಲಿಲ್ಲ ಅಂತ ಬರೀರಿ. ಇಷ್ಟು ವರ್ಷ ಜೊತೇಲಿದ್ವಿ, ಇದೊಂದು ನನಗೋಸ್ಕರ ಮಾಡ್ರೀ."

ಅವನು ಅವಳನ್ನು ಏನನ್ನಾದರೂ ಬೇಡಿದ್ದು ಅದೇ ಮೊದಲು. ನಾಲ್ಕು ದಿನ ಅವಳು ಪತ್ರವನ್ನು ಕೈಚೀಲದಲ್ಲೇ ಹೊತ್ತು ಬಸ್ಸಿನಲ್ಲಿ ಓಡಾಡಿದಳು. ಐದನೆಯ ದಿನ ನಿರ್ದೇಶಕ ಆದಿನಾರಾಯಣರ ಮುಂದೆ ಹೋಗಿ ಇದ್ದದ್ದನ್ನೆಲ್ಲ ಹೇಳಿದಳು.

ಅವರು ಕನ್ನಡಕ ತೆಗೆದಿಟ್ಟರು. "ನಿಮ್ದು ಡಿಪ್ಲೊಮಾ ಅಲ್ವೇನಮ್ಮ?"

"ಹೌದು ಸಾರ್."

"ಮತ್ತೆ ಇದೆಲ್ಲ ಯಾಕೆ? ಮುಂದಿನ ತಿಂಗಳು ದೆಹಲಿಯಿಂದ ರಿವ್ಯೂ ಕಮಿಟಿ ಬರ್ತಿದೆ. ಇಲ್ಲಿಂದ ಒಂದು ಕಾಗದಾನೂ ಆಚೆ ಹೋಗ್ಬಾರ್ದು."

ಅವಳು ಲ್ಯಾಬಿನ ಕಾಗದ ಮುಟ್ಟಲಿಲ್ಲ. ಭಾನುವಾರ ತನ್ನ ಕೋಣೆಯಲ್ಲಿ ಕೂತು ಗೆರೆ ಹಾಕಿದ ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದಳು: 'ನಿಮ್ಮ ಕೈ ಸರಿಯಾಗಿದೆ. ನಮ್ಮ ಮೀಟರ್ ತಪ್ಪಿತ್ತು. 470ಕ್ಕೆ ಕಾಯಿಸಿ. ಕುಲುಮೆ ನೋಡಿಕೊಳ್ಳುತ್ತಿದ್ದವಳು ನಾನೇ, ಕ್ಷಮಿಸಿ.' ಸತುವಿನ ಲೆಕ್ಕವನ್ನೂ ಸೇರಿಸಿ, ಪೂರ್ತಿ ಹೆಸರು, ಮನೆಯ ವಿಳಾಸ ಬರೆದು ಸಹಿ ಮಾಡಿ, ಮರುದಿನ ಫ್ರೇಜರ್ ಟೌನ್ ಅಂಚೆ ಕಚೇರಿಯಲ್ಲಿ ರಿಜಿಸ್ಟರ್ ಮಾಡಿದಳು.

ಮೂರು ವಾರಕ್ಕೆ ಉತ್ತರ ಬಂತು. 'ಉರೀತು ಮೇಡಂ. ಮೊದಲನೇ ಸಲಕ್ಕೇ ಉರೀತು.' ಆದರೆ ವಿಷಯ ಅಲ್ಲಿಗೆ ನಿಲ್ಲಲಿಲ್ಲ. ಪ್ರಿಯಾಳ ಮೇಷ್ಟ್ರು ಕೇದಾರನ ಪ್ರಬಂಧ ಅಚ್ಚಾಗಿದ್ದ ಪತ್ರಿಕೆಯ ಸಂಪಾದಕರಿಗೆ ಬರೆದರು, ಕೇದಾರ್ ತಿದ್ದುಪಡಿ ಪ್ರಕಟಿಸಬೇಕಾಯಿತು. ಅವನ ಕೆಲಸವೇನೂ ಹೋಗಲಿಲ್ಲ. ಫೋನ್ ಮಾತ್ರ ನಿಂತಿತು. ಅಕ್ಟೋಬರಿನಲ್ಲಿ ಅವಳೇ ಒಮ್ಮೆ ಮಾಡಿದಳು. ಅವಳ ದನಿ ಕೇಳಿದ ಮೇಲೆ ಅವನು "ಮೀಟಿಂಗ್‌ನಲ್ಲಿದೀನಿ" ಎಂದು ಇಟ್ಟುಬಿಟ್ಟ. ಅವಳೂ ರಿಸೀವರ್ ಇಟ್ಟಳು. ಮತ್ತೆ ಮಾಡಲಿಲ್ಲ.

ನವೆಂಬರಿನಲ್ಲಿ ಅವಳನ್ನು ಕೆ.ಆರ್. ಪುರದಲ್ಲಿದ್ದ ಲ್ಯಾಬಿನ ಉಗ್ರಾಣಕ್ಕೆ ವರ್ಗ ಮಾಡಿದರು. ಅಲ್ಲಿ ಕುಲುಮೆ ಇರಲಿಲ್ಲ. ಗಾಜು ಕರಗಿಸುವ ಮೂಸೆಗಳು, ಇಟ್ಟಿಗೆಗಳು, ಮರದ ಪೆಟ್ಟಿಗೆಗಳು. ಎಷ್ಟೋ ದಿನ ಬೆಳಿಗ್ಗೆ ಕಂಡಕ್ಟರಿಗೆ ಇಳಿಯುವ ಸ್ಟಾಪಿನ ಹೆಸರು ಹೇಳಿದ ಮೇಲೆ ಸಂಜೆ ಮತ್ತೆ ಕಂಡಕ್ಟರಿಗೆ ಹೇಳುವ ತನಕ ಅವಳು ಬಾಯಿ ತೆರೆಯುತ್ತಲೇ ಇರಲಿಲ್ಲ.

ಜನವರಿಯ ಒಂದು ಭಾನುವಾರ ಪ್ರಿಯಾ ತನ್ನ ಪ್ರಬಂಧದ ಪ್ರತಿ ಹಿಡಿದುಕೊಂಡು ಲಿಂಗರಾಜಪುರಕ್ಕೇ ಬಂದಳು. ಸಣಕಲು ಹುಡುಗಿ, ಬಿರುಸಾದ ಮಾತು. ಊಟಕ್ಕೆ ಏಳಿಸುವಾಗಲಷ್ಟೇ ಪ್ರತಿಭಾಗೆ ತನ್ನಲ್ಲಿ ಇರುವುದು ಒಂದೇ ತಟ್ಟೆ ಎಂಬುದು ಹೊಳೆಯಿತು. ಕೆಳಗಿಳಿದು ಫಹ್ಮಿದಾರಿಂದ ಒಂದನ್ನು ಕೇಳಿ ತಂದಳು.

ಅನ್ನ ಕಲಸುತ್ತ ಪ್ರಿಯಾ ಕೇಳಿದಳು, "ಮೇಡಂ, ನೀವು ಸುಮ್ನೆ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಯಾಕೆ ಬರೆದ್ರಿ?"

"ನಿನ್ನ ನಕ್ಷೆ ನೋಡ್ದೆ. ಅಷ್ಟು ಸಲ ಮಾಡಿದೀಯ, ಒಂದರಲ್ಲೂ ಏನೂ ಹುಟ್ಟಿಲ್ಲ. ಒಂದೂವರೆ ವರ್ಷ ಅಂದ್ರೆ ಕಮ್ಮೀನಾ?" ಎಂದಳು ಪ್ರತಿಭಾ. ಆಮೇಲೆ, "ಸಾರು ಹಾಕ್ಲಾ?"

ಸಂಜೆ ಪ್ರಿಯಾಳನ್ನು ಮೆಜೆಸ್ಟಿಕ್ ಬಸ್ಸಿಗೆ ಹತ್ತಿಸಿ ಬಂದು, ತಟ್ಟೆ ತೊಳೆದು ಕೊಡಲು ಹೋದಳು. ಫಹ್ಮಿದಾ ಬಾಗಿಲಲ್ಲಿ ಅಕ್ಕಿ ಆರಿಸುತ್ತ ಕೂತಿದ್ದರು.

"ಇಷ್ಟು ವರ್ಷದಲ್ಲಿ ನಿಮ್ಗೆ ಯಾರೂ ಬಂದಿದ್ದು ನಾನು ನೋಡಿಲ್ಲಮ್ಮ. ಯಾರದು, ತಂಗಿ ಮಗಳಾ?"

"ಅಲ್ಲ."

"ಮತ್ತೆ ಏನಾಗ್ಬೇಕು?"

ಪ್ರತಿಭಾ ಯೋಚಿಸಿದಳು. "ಗೊತ್ತಿರೋಳು" ಎಂದು ತಟ್ಟೆ ಕೊಟ್ಟು ಮೆಟ್ಟಿಲು ಹತ್ತಿದಳು.