ದನ ಮರಳಿದ ಸಂಜೆ

ಪುಲಿಯಣ್ಣನ ಎದೆಗೆ ಮೂರನೆಯ ಬಾಣ ನಾಟಿದ್ದೇ ತಡ, ಚಿಕ್ಕಮುನಿಯಮ್ಮ ಅವರೆಕಾಯಿಯ ಮೊರವನ್ನು ಪಕ್ಕಕ್ಕೆ ತಳ್ಳಿ ಎದ್ದುಬಿಟ್ಟರು.

"ಸಾಕು ನಿಲ್ಸಮ್ಮಿ. ಮುಂದಕ್ ಓದ್ಬ್ಯಾಡ."

ಯಶಶ್ರೀ ಫೋನಿನಿಂದ ತಲೆ ಎತ್ತುವಷ್ಟರಲ್ಲಿ ಅಜ್ಜಿ ಹಿತ್ತಿಲ ಬಾಗಿಲು ದಾಟಿಯಾಗಿತ್ತು. ಸೀರೆಯ ಮೇಲೆ ತಾತನ ಹಳೇ ಕಂದು ಸ್ವೆಟರ್. ಚಳಿ ಶುರುವಾದರೆ ಅಜ್ಜಿಗೆ ಅದೇ ಬೇಕು. ಮೊಮ್ಮಗಳು ತಂದುಕೊಟ್ಟ ಮೂರು ಹೊಸ ಸ್ವೆಟರುಗಳು ಬೀರುವಿನಲ್ಲಿ ಮಡಿಕೆ ಬಿಚ್ಚದೆ ಕೂತಿದ್ದವು.

ಯಶಶ್ರೀಗೆ ನಿಜಕ್ಕೂ ನೋವಾಯಿತು. ಸಂಜೆ ಆರಕ್ಕೆ ತನ್ನ ಕಥೆಯ ಕೊನೆಯ ಕಂತು ಹಾಕಬೇಕಿತ್ತು. ಗಂಗರ ಕಾಲದ ಕಥೆಯ ಟೀವಿ ಧಾರಾವಾಹಿಯೊಂದು ಮುಗಿದು ವರ್ಷವಾದರೂ ಅಭಿಮಾನಿಗಳಿಗೆ ಸಮಾಧಾನವಿಲ್ಲ. ತಾವೇ ಕಥೆ ಮುಂದುವರಿಸಿ ಕಥೆ ಓದುವ ಆ್ಯಪೊಂದರಲ್ಲಿ ಹಾಕುತ್ತಾರೆ, ಒಬ್ಬರದನ್ನೊಬ್ಬರು ಓದುತ್ತಾರೆ, ಜಗಳವಾಡುತ್ತಾರೆ. ಈ ಬಳಗಕ್ಕೆ ಮತ್ತಿಕೆರೆಯ ರಂಜಿನಿಯೇ ಹಿರಿಯಕ್ಕ. ಅವಳ ಸೂತ್ರ ಒಂದೇ: "ದೊಡ್ಡ ರಾಜರನ್ನ ಮುಟ್ಬೇಡ ಕಣೇ. ಅವ್ರ ಹಿಂದೆ ಸಂಘ ಇರತ್ತೆ, ಬಾವುಟ ಇರತ್ತೆ. ಶಾಸನದಲ್ಲಿ ಒಂದೇ ಸಾಲಲ್ಲಿ ಬಂದು ಹೋಗೋರನ್ನ ಹಿಡ್ಕೋ. ಹೇಳೋರು ಕೇಳೋರು ಯಾರೂ ಇರಲ್ಲ." ಅನುಭವದ ಮಾತು. ಹೆಸರಾಂತ ದೊರೆಯೊಬ್ಬನಿಗೆ ಯುದ್ಧದ ದಿನ ನೆಗಡಿ ಬರಿಸಿದ ತಪ್ಪಿಗೆ ರಂಜಿನಿ ಬೈಗುಳಕ್ಕೆ ಹೆದರಿ ಒಂದು ತಿಂಗಳು ಆ್ಯಪಿನ ಕಡೆ ತಲೆ ಹಾಕಿರಲಿಲ್ಲ.

ಹಾಗೆ ಹೇಳುವವರು ಕೇಳುವವರಿಲ್ಲದ ಒಬ್ಬನನ್ನು ಹುಡುಕುತ್ತ ಯಶಶ್ರೀ ಹಳೆಯ ಶಾಸನ ಸಂಪುಟದಲ್ಲಿ ಅಜ್ಜಿಯ ತವರೂರನ್ನು ತೆಗೆದು ನೋಡಿದಳು. ಸಿಕ್ಕಿದ್ದು ಕೆರೆಯ ಏರಿ ಮೇಲಿನ ಒಂದು ವೀರಗಲ್ಲು. ಊರ ದನ ಹೊಡೆದುಕೊಂಡು ಹೋಗುತ್ತಿದ್ದವರ ಮೇಲೆ ಬಿದ್ದು ಪುಲಿಯಣ್ಣ ಎಂಬವನು ದನ ಮರಳಿಸಿ ಸತ್ತ. ಬರೆದಿದ್ದು ಅಷ್ಟೇ. ಅವನನ್ನು ಅವಳು ಧಾರಾವಾಹಿಯ ರಾಣಿಯ ನಂಬಿಕೆಯ ಬಂಟನನ್ನಾಗಿ ಮಾಡಿ ಇಪ್ಪತ್ತು ಕಂತು ಎಳೆದಳು. ದಿನಾ ಮಧ್ಯಾಹ್ನ, ಆ್ಯಪಿಗೆ ಹಾಕುವ ಮೊದಲು, ಅಜ್ಜಿಗೆ ಓದಿ ಹೇಳುತ್ತಿದ್ದಳು. ಆ್ಯಪಿನ ಸಾವಿರಾರು ಓದುಗರಿಗಿಂತ, ಕಾಯಿ ಬಿಡಿಸುತ್ತ "ಆಮ್ಯಾಕೆ?" ಎನ್ನುವ ಈ ಒಂದು ದನಿಯೇ ಅವಳಿಗೆ ಮುಖ್ಯವಾಗಿತ್ತು. ಕಲ್ಲು ಅಜ್ಜಿಯ ಊರಿನದೇ ಎಂಬುದನ್ನು ಮಾತ್ರ ಹೇಳಿರಲಿಲ್ಲ. ಕೊನೆಯ ಸಾಲಿನಲ್ಲಿ ಹೇಳಿ ಬೆರಗುಗೊಳಿಸಬೇಕೆಂದು ಬಚ್ಚಿಟ್ಟುಕೊಂಡಿದ್ದಳು.

ಈಗ ಕೊನೆಯ ಸಾಲು ಬರುವ ಮೊದಲೇ ಅಜ್ಜಿ ಎದ್ದು ಹೋಗಿದ್ದರು.

ಹಿತ್ತಿಲಲ್ಲಿ ಕೊಟ್ಟಿಗೆಯಿದ್ದ ಜಾಗದಲ್ಲಿ ಈಗ ಎರಡು ಸ್ಕೂಟರ್ ನಿಲ್ಲುತ್ತವೆ. ಹಸು ಕಟ್ಟುತ್ತಿದ್ದ ಕಬ್ಬಿಣದ ಬಳೆಯೊಂದು ಗೋಡೆಯಲ್ಲಿ ಉಳಿದಿದೆ. ಅಜ್ಜಿ ಅದರ ಪಕ್ಕದ ಕಟ್ಟೆಯ ಮೇಲೆ ಕೂತಿದ್ದರು.

"ಸಾಯ್ಸಿದ್ದಕ್ಕೆ ಕೋಪಾನಾ ಅಜ್ಜಿ? ನಾನೇನ್ ಮಾಡ್ಲಿ, ಕಲ್ಲಲ್ಲೇ ಹಂಗಿದೆ. ಆ ಕಲ್ಲು ಎಲ್ಲೀದು ಗೊತ್ತಾ..."

"ನಮ್ಮೂರ್ ಏರಿ ಮ್ಯಾಲಿನ ಕಲ್ಲಪ್ಪ ತಾನೆ? ಹುಣ್ಸೆಮರದ ಕೆಳ್ಗೆ ಕಲ್ಲು, ಅದ್ರಾಗೆ ಬಲಗಡೆ ನಾಕು ದನ ಕೆತ್ತವ್ರೆ ಅಂತ ನೀನ್ ಓದ್ದಾಗ್ಲೇ ಗೊತ್ತಾಯ್ತು. ಮನೇಲಿ ಹಸ ಈದ್ರೆ ಮೊದಲ್ನೇ ಹಾಲು ಅವನ್ಗೇ ಎರೀತಿದ್ವಿ. ಅವನ್ಗೂ ಒಂದ್ ಹೆಸರೈತೆ ಅಂತ ನೀನ್ ಓದಿದ್ ಮ್ಯಾಲೇ ತಿಳಿದಿದ್ದು."

ಯಶಶ್ರೀಯ ಮುಖ ಇಳಿಯಿತು. ಯಾರೂ ಇಲ್ಲವೆಂದು ಹಿಡಿದುಕೊಂಡವನ ಕಡೆಯವರು ಮನೆಯಲ್ಲೇ ಇದ್ದರು, ಇಷ್ಟು ದಿನ ಎಲ್ಲ ತಿಳಿದೂ ಸುಮ್ಮನೆ ಕೇಳಿದ್ದರು.

"ಮತ್ತೆ ಯಾಕೆ ಎದ್ಬಂದೆ?"

"ಮುಂದಕ್ಕೇನ್ ಬರ್ದಿದೀಯ, ಯೋಳು."

"ದನ ಊರಿಗೆ ಬರ್ತವೆ. ಅವನು ಸಾಯ್ತಾನೆ. ಅಪ್ಸರೆಯರು ಬಂದು ಸ್ವರ್ಗಕ್ಕೆ ಕರ್ಕೊಂಡ್ ಹೋಗ್ತಾರೆ. ಮುಗೀತು."

"ಮುಗೀತಾ?" ಅಜ್ಜಿ ಅವಳನ್ನು ದಿಟ್ಟಿಸಿದರು. "ದನ ಬಂದ್ವಲ್ಲ, ಅವತ್ತು ಸಂಜೆ ಹಾಲ್ ಕರ್ದೋರ್ ಯಾರು?"

"ಯಾರೋ ಕರೀತಾರಪ್ಪ."

"ಯಾರ್ ತಿರುಗ್ಸುದ್ರೂ ಸುರ್ಯಕ್ಕೆ ಅದೇನ್ ನಲ್ಲೀನಾ?"

ಯಶಶ್ರೀಗೆ ನಗು ಬಂತು. ಅಜ್ಜಿ ನಗಲಿಲ್ಲ. ಗೋಡೆಯ ಬಳೆಯನ್ನು ಹಿಡಿದುಕೊಂಡು ಹೇಳತೊಡಗಿದರು.

"ನಿಮ್ ತಾತ ಹೋದಾಗ ಕೆಂಪೀನ ಇಲ್ಲೇ ಕಟ್ಟಿದ್ವಿ. ಅದ್ರ ಕರ ಸತ್ತೋಗಿತ್ತು. ತಾತನ ಕೈ ಬಿಟ್ರೆ ಇನ್ನೊಂದ್ ಕೈ ಸೋಕುಸ್ಕೊಂಡಿದ್ದಲ್ಲ. ಮನೆ ತುಂಬ ನೆಂಟ್ರು, ಎಲ್ರೂ ಅಳ್ತಾವ್ರೆ. ಇದು ಇಲ್ಲಿ ಕೆಚ್ಚಲು ಬಿಗ್ದು ಅರಚ್ತಾ ನಿಂತೈತೆ. ನಾನ್ ಕೂತ್ರೆ ಒದೀತು. ಎರಡ್ ದಿನ ಒಂದ್ ತೊಟ್ಟು ಕೊಡ್ಲಿಲ್ಲ. ಮೂರನೇ ದಿನ ಗೂಟದಾಗೆ ನೇತಾಕಿದ್ದ ಈ ಸ್ವೆಟ್ರು ಇಳಿಸ್ಕೊಂಡು ಹಾಕ್ಕೊಂಡ್ ಬಂದೆ. ಮೂಸ್ತು. ತೋಳು ಮೂಸ್ತು, ಎದೆ ಮೂಸ್ತು. ಆಮ್ಯಾಕೆ ಕೊಡ್ತು ನೋಡು, ತಂಬಿಗೆ ತುಂಬ."

ಅಜ್ಜಿ ಮೆಲ್ಲಗೆ ಸೇರಿಸಿದರು: "ಅಲ್ಲೀಗಂಟ ನಾನು ಅತ್ತಿರ್ಲಿಲ್ಲ ಕಣಮ್ಮಿ. ಪಾಪ, ಹಸ ಮೋಸ ಹೋಯ್ತಲ್ಲ ಅಂತ ಅವಾಗ ಅತ್ತೆ."

ಯಶಶ್ರೀ ತಾತನನ್ನು ನೋಡಿದವಳಲ್ಲ. ದೊಡ್ಡಬೈರಪ್ಪ ಎಂದರೆ ಅವಳಿಗೆ ನಡುಮನೆಯಲ್ಲಿ ಹಾರ ಹಾಕಿದ ಒಂದು ಫೋಟೋ, ಅಷ್ಟೇ. ಅಜ್ಜಿಯ ಮೇಲೆ ಅವಳಿಗೆ ಒಮ್ಮೆಲೇ ಎಷ್ಟು ಅಕ್ಕರೆ ಉಕ್ಕಿತೆಂದರೆ, ಆ ಕಟ್ಟೆಯ ಮೇಲೇ ಅವರಿಗೆ ಒತ್ತಿಕೊಂಡು ಕೂತಳು. ಅಲ್ಲೇ ಕೂತು ಅಪ್ಸರೆಯರನ್ನು ಒಬ್ಬರೂ ಉಳಿಯದ ಹಾಗೆ ಅಳಿಸಿದಳು.

ಆರೂವರೆಗೆ ರಂಜಿನಿಯ ಫೋನು. "ಎಲ್ಲೇ ಕಂತು? ಎಲ್ರೂ ನನ್ನ ತಲೆ ತಿಂತಿದಾರೆ."

"ಇನ್ನೊಂದರ್ಧ ಗಂಟೆ. ಅವನ ಹೆಂಡ್ತಿ ಬರ್ತಿದಾಳೆ."

"ಹೆಂಡ್ತಿನಾ? ಶಾಸನದಲ್ಲಿ ಇದಾಳಾ ಅವಳು?"

"ಇಲ್ಲ. ದನ ಇದಾವೆ. ದನ ಇದ್ಮೇಲೆ ಅವಳು ಇರ್ಲೇಬೇಕು," ಎಂದು ಯಶಶ್ರೀ ಫೋನ್ ಇಟ್ಟಳು.

ದೀಪ ಹಚ್ಚಿದ ಮೇಲೆ ಇಬ್ಬರೂ ಮತ್ತೆ ನಡುಮನೆಯಲ್ಲಿ ಕೂತರು. ಯಶಶ್ರೀ ಓದಿದಳು. ದನಗಳು ಧೂಳೆಬ್ಬಿಸುತ್ತ ಊರು ಸೇರಿದವು. ಅವುಗಳ ಹಿಂದೆ ಅವನನ್ನು ನಾಲ್ವರು ಹೊತ್ತು ತಂದರು. ಊರೆಲ್ಲ ಅತ್ತಿತು. ಕತ್ತಲಾಗುವ ಹೊತ್ತಿಗೆ, ಕೆಚ್ಚಲು ಬಿಗಿದು ಕೂಗುತ್ತಿದ್ದ ಕೆಂಪು ಹಸುವಿನ ಬಳಿ ಹೆಂಗಸೊಬ್ಬಳು ಬಂದಳು. ಅವನ ಕಂಬಳಿಯನ್ನು ಕೊಡವದೆ ಹಾಗೇ ಹೆಗಲಿಗೆ ಹೊದ್ದಿದ್ದಳು. ಹಸು ಕತ್ತು ತಿರುಗಿಸಿ ಕಂಬಳಿಯನ್ನು ಮೂಸಿತು. ಬಹಳ ಹೊತ್ತು ಮೂಸಿತು. ಅವಳು ಅಲುಗದೆ ನಿಂತಿದ್ದಳು. ಆಮೇಲೆ ಕೂತು, ಹೆಬ್ಬೆರಳು ಮಡಿಸಿ, ಮೊದಲ ಧಾರೆಯನ್ನು ನೆಲಕ್ಕೆ ಬಿಟ್ಟಳು.

ಕಥೆ ಅಲ್ಲಿಗೆ ಮುಗಿದಿತ್ತು. ಯಶಶ್ರೀ ಫೋನ್ ಕೆಳಗಿಟ್ಟು ಕಾದಳು.

ಅಜ್ಜಿ ಸ್ವೆಟರಿನ ತೋಳನ್ನು ಮೂಗಿಗೆ ಒತ್ತಿಕೊಂಡರು. ಮೂವತ್ತು ವರ್ಷದ ಮೇಲೆ ಅದರಲ್ಲಿ ನುಸಿಗುಳಿಗೆಯ ವಾಸನೆ ಬಿಟ್ಟು ಬೇರೇನೂ ಇದ್ದಿರಲಾರದು. ಆಮೇಲೆ ಮೊರವನ್ನು ಹತ್ತಿರಕ್ಕೆಳೆದುಕೊಂಡು ಒಂದು ಅವರೆಕಾಯಿ ಬಿಡಿಸಿದರು.

"ಆಮ್ಯಾಕೆ?" ಎಂದರು.