ಕಪ್ಪೆಹೊಂಡದ ಮೇಯರ್

ದಡ್ಡರಿಗೆ ಮಕ್ಕಳಾಗಬಾರದು ಎಂದು ಬರ್ಲಿನ್ನಿನಲ್ಲಿ ಹಿಟ್ಲರನ ಸರ್ಕಾರ ಕಾಯಿದೆ ಮಾಡಿತ್ತು. ಯಾರು ದಡ್ಡರೆಂದು ತೀರ್ಮಾನಿಸಲು ಡಾಕ್ಟರ್ ಫೆಸ್ಲರ್ ಪಟ್ಟಣದಿಂದ ಬವೇರಿಯಾದ ಆ ಹಳ್ಳಿಗೆ ಬಂದು ಶಾಲೆಯಲ್ಲಿ ಠಿಕಾಣಿ ಹೂಡಿದ್ದರು. ಮೊದಲ ಸರದಿ ಹಾಲು ಕರೆಯುವ ಜೆನ್ಸಿಯದು. ಪಕ್ಷದ ಸಭೆಯಲ್ಲಿ ಮೇಯರ್ ಭಾಷಣ ಬಿಗಿಯುವಾಗ ಅವಳು ಕಿಸಕ್ಕನೆ ನಕ್ಕಿದ್ದಳು. ಅವಳು ದಡ್ಡಿಯೆಂದು ಆ ಮಹಾರಾಯನೇ ದೂರು ಬರೆದು ಕಳಿಸಿದ್ದ. ಈಸ್ಟರ್ ಕಳೆದ ಮೇಲೆ ಅವಳ ಮದುವೆ. ಇಲ್ಲಿ ಫೇಲಾದರೆ ಮದುವೆಯೂ ಇಲ್ಲ, ಮಕ್ಕಳೂ ಇಲ್ಲ, ಆಸ್ಪತ್ರೆಯ ಕತ್ತರಿಯೊಂದೇ ಗತಿ.

"ಹೆಸರು?"

"ಕಮ್ಮಾರರ ಮನೆ ಜೆನ್ಸಿ."

ಕಾಗದದಲ್ಲಿ ಕ್ರೆಸೆನ್ಸ್ ಓಬರ್ಮಯರ್ ಎಂದಿತ್ತು. "ನಿಮ್ಮಪ್ಪ ಕಮ್ಮಾರನಾ?"

"ಅಯ್ಯೋ, ಇಲ್ಲ ಸ್ವಾಮಿ. ಅಪ್ಪ ಹಸು ಸಾಕ್ತಾರೆ. ನಮ್ಮನೇಲಿ ಯಾರೂ ಕಮ್ಮಾರರಿಲ್ಲ."

ಸ್ವಂತ ಹೆಸರು ಗೊತ್ತಿಲ್ಲ ಎಂದು ಡಾಕ್ಟರ್ ಬರೆದುಕೊಂಡರು.

ಆ ಊರಲ್ಲಿ ಹೆಸರಿರುವುದು ಮನೆಗೆ. ಮುತ್ತಾತನಿಗೂ ಹಿಂದೆ ಅಲ್ಲೊಬ್ಬ ಕಮ್ಮಾರನಿದ್ದರೆ ಸಾಕು, ಇವತ್ತು ಹುಟ್ಟಿದ ಕೂಸೂ ಕಮ್ಮಾರರ ಮನೆಯದೇ. ಕ್ರೆಸೆನ್ಸ್ ಅಲ್ಲಿನವರ ಬಾಯಲ್ಲಿ ಜೆನ್ಸಿ; ಕಾಗದದ ಹೆಸರು ಬೇಕಾಗುತ್ತಿದ್ದದ್ದು ಗೋರಿಕಲ್ಲಿಗೆ. ಇದನ್ನು ಪಟ್ಟಣದವರ ತಲೆಗೆ ತುಂಬುವವರು ಯಾರು?

"ನಮ್ಮೂರಲ್ಲಿ ಎಲ್ಲರ ಹೆಸರೂ ಹೀಗೇ, ಬೇಕಾದ್ರೆ ಮೇಯರನ್ನೇ ಕೇಳಿ," ಎಂದಳು ಜೆನ್ಸಿ.

ಅಂಗಳದಲ್ಲಿ ಚುಟ್ಟಾ ಸೇದುತ್ತಿದ್ದ ಮೇಯರ್ ಕರೆ ಕೇಳಿ ಎದೆಯುಬ್ಬಿಸಿ ಒಳಬಂದು ಬೂಟು ಟಕ್ಕೆನ್ನಿಸಿದ. ಡಾಕ್ಟರ್ ತಲೆಯೆತ್ತಲಿಲ್ಲ. "ಹೆಸರು?"

"ಕಪ್ಪೆಹೊಂಡದ ಗಿರ್ಗಲ್!"

ಡಾಕ್ಟರ ಪೆನ್ನು ನಿಂತಿತು. "ದೂರಿನ ಕೆಳಗೆ ಗೆಯೋರ್ಗ್ ಹಿಂಟರ್‌ವಿಮ್ಮರ್ ಅಂತ ರುಜು ಇದೆಯಲ್ಲ? ಅದ್ಯಾರು?"

"ಅದೂ ನಾನೇ... ಅಂದ್ರೆ, ಕಾಗದದಲ್ಲಿ."

ಜೆನ್ಸಿಗೆ ನಗು ತಡೆಯಲಾಗಲಿಲ್ಲ. "ಹಾಗಾದ್ರೆ ಇವರನ್ನೂ ಬರ್ಕೊಳ್ಳಿ ಸ್ವಾಮಿ. ಕೋರ್ಟಲ್ಲಿ ಕೇಳಿದ್ರೆ ನಾನೇ ಸಾಕ್ಷಿ ಹೇಳ್ತೀನಿ. ಪಾಪ, ನಾಲ್ಕು ಗಂಡುಮಕ್ಕಳು ಬೇರೆ! ಅವಕ್ಕೂ ಇದೇ ರೋಗ. ಎಲ್ಲಾ ಕಪ್ಪೆಹೊಂಡದೋವೇ."

ಮೇಯರ್ ಮೇಜಿನತ್ತ ಧಾವಿಸಿದ. "ಡಾಕ್ಟ್ರೇ, ಹುಡುಗಿ ಭಾರಿ ಚುರುಕು! ಏನೋ ಸಿಟ್ಟಲ್ಲಿ ಬರೆದುಬಿಟ್ಟೆ. ಅದನ್ನ ಹರಿದುಹಾಕಿ!"

ಪಕ್ಷದವನೊಬ್ಬನನ್ನು ದಡ್ಡನೆಂದು ಬರೆದು ಕೆಲಸ ಕಳೆದುಕೊಳ್ಳಲು ಡಾಕ್ಟರಿಗೇನು ಹುಚ್ಚೇ? ಜೆನ್ಸಿಯ ಕಾಗದದ ಮೇಲೆ ಆರೋಗ್ಯವಂತಳು ಎಂದು ಮುದ್ರೆ ಬಿತ್ತು.

ಅವಳು ಕುಣಿಯುತ್ತ ಹೊರಬಂದಳು. ಬೆಂಚಿನ ಮೇಲೆ ಬಟ್ಟೆ ಒಗೆಯುವ ನೋಟ್‌ಬುರ್ಗಾ ಕುಳಿತಿದ್ದಳು, ಹುಟ್ಟು ಕಿವುಡಿ; ಕಾಯಿದೆಯ ಪಟ್ಟಿಯಲ್ಲಿ ಹುಟ್ಟು ಕಿವುಡರೂ ಇದ್ದರು. ಒಳಗಿನಿಂದ ಡಾಕ್ಟರ್ ಅವಳ ಹೆಸರು ಕೂಗಿದರು. ಮತ್ತೆ ಕೂಗಿದರು. ಅವಳು ಜೆನ್ಸಿಯ ಮುಖದ ಸಂತೋಷ ಕಂಡು ತಾನೂ ನಕ್ಕಳು.

ಮೇಯರನನ್ನು ಇನ್ನೊಮ್ಮೆ ಹಿಡಿದು ತರೋಣವೆಂದು ಜೆನ್ಸಿ ತಿರುಗಿ ನೋಡಿದಳು. ಅವನು ಹಿಂಬಾಗಿಲಿನಿಂದ ಜಾರಿಕೊಂಡಾಗಿತ್ತು. ತಾನೊಬ್ಬಳೇ ಪಾರಾದದ್ದಕ್ಕೆ ಅವಳಿಗೆ ನಾಚಿಕೆಯಾಯಿತು. ನೋಟ್‌ಬುರ್ಗಾಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು ಕುಳಿತಳು. ಡಾಕ್ಟರ್ ಹೊರಬಂದು ಬಿಡು ಎಂದು ಹೇಳಿದರೂ ಬಿಡಲಿಲ್ಲ.