ಎರಡನೆಯ ಬೀಗದಕೈ

“ತಕೋ” ಎಂದು ಗಂಡ ಮಂಜಯ್ಯ ಅಂಗೈಯಲ್ಲಿಟ್ಟ ಬೀಗದಕೈಯನ್ನು ವಸಂತಿ ದಿನದಂತೆ ನೋಡದೆಯೇ ಪರ್ಸಿಗೆ ಹಾಕಿಕೊಳ್ಳುವುದರಲ್ಲಿದ್ದಳು. ಅಷ್ಟರಲ್ಲಿ ಅದು ಬೆರಳಿಗೆ ಚುಚ್ಚಿತು. ಹಳೆಯದರ ಹಲ್ಲುಗಳೆಲ್ಲ ಸವೆದು ನುಣುಪಾಗಿದ್ದವು, ಅದಕ್ಕೊಂದು ಕೆಂಪು ನೂಲು ಕಟ್ಟಿತ್ತು. ಇದಕ್ಕೆ ನೂಲೂ ಇಲ್ಲ, ಮೇಲೆ ಥಳಥಳ ಹೊಳಪು ಬೇರೆ.

“ಇದೆಂತ, ಹೊಸ್ತ್?”

“ಮಾಡ್ಸ್ದೆ. ಸ್ಟೇಷನ್ ಹತ್ರ ಬೂಟ್ ರಿಪೇರಿ ಅಂಗ್ಡಿ ಇತ್ತಲ, ಅಲ್ಲಿ. ಅವ್ರ್ ಬೀಗದಕೈಯೂ ಮಾಡ್ತ್ರ್. ನಾನೇ ಎರಡ್ ಸಲ ತಿರ್ಗ್ಸಿ ಕಂಡಿದೆ. ಬೆಣ್ಣಿ ಹಾಂಗ್ ತಿರ್ಗತ್ತ್.”

“ಗೋಪೀನಾಥ್ರಿಗ್ ಗೊತ್ತಾರೆ?”

“ಗೊತ್ತಾಪ್ದ್ ಹ್ಯಾಂಗ್? ನಾವ್ ಹೇಳ್ರೆ ಮಾತ್ರ.” ಮಂಜಯ್ಯ ಸಂಭ್ರಮದಲ್ಲಿದ್ದ. “ಇನ್ನ್ ನೀನ್ ಇಲ್ಲ್ ಇಳ್ದ್ ಚಳಿಯಂಗೆ ಕಾಯೂದ್ ಬ್ಯಾಡ. ಲೂಯಿಸ್ ಕಾರಂಗೆ ಕೂಕಂಡ್ ಸೀದಾ ಮನಿಗ್ ಹೋಗಿ ಮನಿಕೋ.”

ವಸಂತಿಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಅದೇಕೆಂದು ಯೋಚಿಸುವಷ್ಟು ತ್ರಾಣ ಅವಳಲ್ಲಿ ಉಳಿದಿರಲಿಲ್ಲ. ಲಂಡನ್ನಿನ ಹ್ಯಾರೋ ಬಸ್ ನಿಲ್ದಾಣದ ಕಬ್ಬಿಣದ ಬೆಂಚಿನ ಮೇಲೆ ಕುಳಿತು, ಅವನು ಫ್ಲಾಸ್ಕಿನಲ್ಲಿ ತಂದಿದ್ದ ಬಿಸಿ ಗಂಜಿ ತಿಳಿಯನ್ನು ಊದಿಕೊಂಡು ಕುಡಿದಳು. ಅಷ್ಟರಲ್ಲಿ ಅವನ ಬಸ್ಸು ಬಂತು. “ಬತ್ತೆ” ಎಂದು ಹೇಳಿ ಹತ್ತಿಬಿಟ್ಟ.

ಕ್ವೀನ್ಸ್‌ಬರಿಯಲ್ಲಿ ಅವರದು ಇಡೀ ಮನೆಯಲ್ಲ. ಮನೆಯ ಹಿಂಬದಿಗೆ ಅಂಟಿಸಿ ಕಟ್ಟಿದ ಒಂದು ಕೋಣೆ, ಅದಕ್ಕೊಂದು ಬೇರೆ ಬಾಗಿಲು. ಹಿಂದೆ ಇದ್ದವರು ಬೀಗದಕೈಯ ಮರಿಗಳನ್ನು ಮಾಡಿಸಿ ಊರಿನವರಿಗೆಲ್ಲ ಹಂಚಿ, ಕೋಣೆಯನ್ನು ಛತ್ರ ಮಾಡಿದ್ದರಂತೆ. ಅಂದಿನಿಂದ ಮಾಲೀಕ ಗೋಪೀನಾಥರು ಒಂದು ಕೋಣೆಗೆ ಒಂದೇ ಬೀಗದಕೈ ಎಂದು ಹಟ ಹಿಡಿದು ಕೂತಿದ್ದರು. ಗಂಡಹೆಂಡತಿ ಬೇರೆಬೇರೆ ಹೊತ್ತಿಗೆ ಹೊರಡುತ್ತೇವೆ ಎಂದರೆ, “ಹೊಂದಿಸ್ಕೊಳ್ಳಿ, ಸಂಸಾರ ಅಂದ್ರೆ ಹೊಂದಾಣಿಕೆ ತಾನೇ” ಎಂದು ನಕ್ಕಿದ್ದರು.

ಹೊಂದಿಸಿಕೊಂಡರು. ವಸಂತಿ ಕತ್ತಲಿರುವಾಗಲೇ ಎದ್ದು ಫೆಲ್ಥಮ್‌ಗೆ ಹೋಗಬೇಕು. ಅಲ್ಲಿ ವಿಮಾನಗಳಿಗೆ ಊಟ ಕಳುಹಿಸುವ ದೊಡ್ಡ ಅಡುಗೆಮನೆಯ ತಂಪುಕೋಣೆಯಲ್ಲಿ ನಿಂತು ತಟ್ಟೆ ಜೋಡಿಸುವ ಕೆಲಸ. ಒಂದು ಬನ್ನು, ಒಂದು ಬೆಣ್ಣೆ, ಒಂದು ಚಮಚದ ಪೊಟ್ಟಣ. ಮತ್ತೆ ಒಂದು ಬನ್ನು. ಮಂಜಯ್ಯ ಸೌತ್ ಹ್ಯಾರೋದ ಒಂದು ಹೋಟೆಲಿನಲ್ಲಿ ದೋಸೆಕಾವಲಿಯ ಮುಂದೆ ನಿಲ್ಲುವವನು. ಅವನು ಹೊರಡುವುದು ಮಧ್ಯಾಹ್ನ. ಇವಳದು ಐಸು, ಅವನದು ಬೆಂಕಿ. ಅವನ ಬಸ್ಸು ಕ್ವೀನ್ಸ್‌ಬರಿಯಿಂದ ಸೌತ್ ಹ್ಯಾರೋಗೆ ನೇರ ಹೋಗುತ್ತದೆ. ಆದರೂ ನಡುವೆ ಹ್ಯಾರೋ ನಿಲ್ದಾಣದಲ್ಲಿ ಇಳಿಯುತ್ತಿದ್ದ. ಇವಳಿಗೆ ಫೆಲ್ಥಮ್‌ನಿಂದ ಮೂರು ಬಸ್ಸು, ಮೂರನೆಯದು ಹತ್ತುವುದು ಅಲ್ಲಿಯೇ. ಬೀಗದಕೈ ಕೈ ಬದಲಾಗುತ್ತಿದ್ದುದು ಆ ಬೆಂಚಿನ ಮೇಲೆ. ರಾತ್ರಿ ಅವನು ಬಂದು ಬಾಗಿಲು ತಟ್ಟಿದರೆ ಇವಳು ಎದ್ದು ತೆಗೆಯುತ್ತಿದ್ದಳು.

ನೆಲದಡಿಯ ರೈಲು ಟ್ಯೂಬಿನಲ್ಲಿಯೂ ಹೋಗಬಹುದಿತ್ತು. ಒಮ್ಮೆ ಮಂಜಯ್ಯನೇ ಕರೆದುಕೊಂಡು ಹೋಗಿ ದಾರಿ ತೋರಿಸಿದ್ದ. ಲಂಡನ್ನಿನ ಹೊಟ್ಟೆಯೊಳಗೆ ಹೊಕ್ಕು ಮತ್ತೊಂದು ಕಡೆ ಹೊರಬರುವ ದಾರಿ ಅದು. ದುಬಾರಿ, ಮೇಲಾಗಿ ಕುಳಿತುಕೊಳ್ಳಲು ಜಾಗ ಸಿಕ್ಕುವ ಭರವಸೆಯಿಲ್ಲ. ದಿನವಿಡೀ ನಿಂತವಳಿಗೆ ಕುಳಿತು ಬರುವುದೇ ದೊಡ್ಡದು. ಬಸ್ಸೇ ವಾಸಿ ಎಂದಿದ್ದಳು.

ಲೂಯಿಸ್ ಸಿಕ್ಕಿದ್ದು ಆಮೇಲೆ. ಶಿರ್ವದ ಕಡೆಯವನು, ಅದೇ ಅಡುಗೆಮನೆಯಿಂದ ವಿಮಾನಗಳಿಗೆ ಲಾರಿ ಓಡಿಸುವವನು. ಅವನ ಪಾಳಿ ಇವಳದಕ್ಕಿಂತ ಎರಡು ಗಂಟೆ ಮೊದಲೇ ಶುರುವಾದರೂ ಮುಗಿಯುವುದು ವಸಂತಿಯ ಪಾಳಿ ಮುಗಿಯುವ ಹೊತ್ತಿಗೇ. ಹೆಂಡತಿ ಮೆಟಿಲ್ಡಾಳೊಂದಿಗೆ ಕ್ವೀನ್ಸ್‌ಬರಿಯ ಪಕ್ಕದ ಕಿಂಗ್ಸ್‌ಬರಿಯಲ್ಲೇ ಇದ್ದ. ಬಸ್ ಸ್ಟಾಪಿನಲ್ಲಿ ನಿಂತೇ ತೂಕಡಿಸುತ್ತಿದ್ದ ಇವಳನ್ನು ಕಂಡು ಕಾರು ನಿಲ್ಲಿಸಿದ್ದ. “ಎಂತದು ಅಕ್ಕ, ನಾನು ಹೇಗೂ ಆಚೆಗೇ ಹೋಗುವುದಲ್ವಾ? ನಾಳೆಯಿಂದ ನನ್ನೊಟ್ಟಿಗೆ ಬನ್ನಿ.” ಬೀಗದಕೈಯ ನೆಪ ಹೇಳಿ ಅವಳು ಜಾರಿಕೊಂಡಿದ್ದಳು. ಅದನ್ನೇ ಗಂಡನಿಗೆ ಹೇಳಿದ್ದು ತಪ್ಪಾಯಿತೋ ಏನೋ, ಅವನು ನೆಪದ ಬುಡಕ್ಕೇ ಕೊಡಲಿ ಹಾಕಿಬಿಟ್ಟ.

ಕಾರಿನ ಸುಖ ಸುಳ್ಳಲ್ಲ. ಕಾಲಿಗೆ ಬಿಸಿಗಾಳಿ, ಮನೆಯ ತಿರುವಿನವರೆಗೂ ಸವಾರಿ. ನಿದ್ದೆ ಮಾತ್ರ ಇಲ್ಲ. ಪರರ ಕಾರಿನಲ್ಲಿ ಕುಳಿತು ಗೊರಕೆ ಹೊಡೆಯುವುದು ಮರ್ಯಾದೆಯೇ? ಕನ್ನಡಿಗೆ ತೂಗುಹಾಕಿದ್ದ ಜಪಸರ ಅಲ್ಲಾಡುವುದನ್ನು ನೋಡುತ್ತ, ಲೂಯಿಸ್ ಊರಿನಲ್ಲಿ ಕಟ್ಟಿಸುತ್ತಿರುವ ಮನೆಯ ತಾರಸಿಯ ಕತೆಗೆ ಹೂಂಗುಟ್ಟುತ್ತಿದ್ದಳು. ಆದರೂ ಬೇಗ ಮನೆ ಸೇರುತ್ತಿದ್ದಳು. ಒಲೆಯ ಮೇಲೆ ಗಂಜಿ ಇರುತ್ತಿತ್ತು. ಉಂಡು ಮಲಗಿದರೆ ಮಲಗಿದ್ದೇ. ರಾತ್ರಿ ಮಂಜಯ್ಯ ತನ್ನ ಬೀಗದಕೈಯಿಂದ ಬಾಗಿಲು ತೆರೆದು, ಬೂಟನ್ನು ಹೊರಗೇ ಕಳಚಿ, ಕಳ್ಳನಂತೆ ಹಾಸಿಗೆ ಸೇರುತ್ತಿದ್ದ. ಬೆಳಗಿನ ಜಾವ ಅವಳೂ ದೀಪ ಹಾಕದೆ ಸೀರೆಯಂಚು ಎತ್ತಿಕಟ್ಟಿದವಳ ಹಾಗೆ ತುದಿಗಾಲಲ್ಲಿ ಹೊರಡುತ್ತಿದ್ದಳು. ಒಬ್ಬರ ನಿದ್ದೆಯನ್ನು ಇನ್ನೊಬ್ಬರು ಕಾಯುವುದರಲ್ಲಿ ಇಬ್ಬರೂ ಬಲು ಜಾಣರು.

ಫೋನಿನಲ್ಲಿ ಮಾತಿತ್ತು, ಇಲ್ಲವೆಂದಲ್ಲ. “ಹಾಲ್ ಮುಗ್ದಿತ್ತ್.” “ಗಂಜಿ ಒಲಿ ಮೇಲಿತ್ತ್.” “ಮಗಳ್ ಫೋನ್ ಮಾಡಿದ್ಲ್.” ಮಣಿಪಾಲದ ಹಾಸ್ಟೆಲಿನಲ್ಲಿದ್ದ ಮಗಳ ದನಿ ಸಮುದ್ರದಾಚೆಯಿಂದ ದಿನಾ ಕೇಳುತ್ತಿತ್ತು, ಪಕ್ಕದಲ್ಲಿ ಮಲಗುವವನ ದನಿಯೂ ಫೋನಿನೊಳಗಿನಿಂದಲೇ ಬರುತ್ತಿತ್ತು. ಇಬ್ಬರ ರಜೆಯೂ ಕೂಡಿ ಬರುವುದು ಗ್ರಹಣದ ಹಾಗೆ, ಯಾವಾಗಲೋ ಒಮ್ಮೆ.

ಒಂದು ಬೆಳಗಿನ ಜಾವ ವಸಂತಿ ಹೊದಿಕೆಯಡಿಯಿಂದ ಎದ್ದಾಗ ಏನೋ ಒರಟಾದದ್ದು ಅವಳ ಮುಂಗೈಗೆ ತಾಗಿತು. ಫೋನಿನ ಬೆಳಕು ಹಿಡಿದು ನೋಡಿದಳು. ಮಂಜಯ್ಯನ ಬಲಗೈಯ ಮಣಿಕಟ್ಟಿನಿಂದ ಮೊಳಕೈಯವರೆಗೆ ಬ್ಯಾಂಡೇಜು ಸುತ್ತಿತ್ತು. ಅದು ನಿನ್ನೆಯದಲ್ಲ. ಅಂಚು ಕೊಳೆಯಾಗಿ ನೂಲು ಬಿಟ್ಟಿತ್ತು, ಅರಿಶಿನದ ಕಲೆ ಹಿಡಿದಿತ್ತು. ಕಾವಲಿಯ ಮುಂದೆ ಸುಟ್ಟುಕೊಂಡು ಒಂದು ವಾರವಾದರೂ ಆಗಿರಬೇಕು. ಅವನು ಬಾಯಿ ತೆರೆದು ಮಲಗಿದ್ದ, ಗಡ್ಡ ಅರ್ಧ ನರೆತಿತ್ತು. ಗಡ್ಡ ಬಿಟ್ಟದ್ದಾದರೂ ಯಾವಾಗ?

ಎಬ್ಬಿಸಿ ಕೇಳೋಣವೆಂದು ಭುಜದವರೆಗೆ ಕೈ ಒಯ್ದಳು. ಅವನು ಮಲಗಿ ಎಷ್ಟು ಹೊತ್ತಾಗಿತ್ತೋ. ಕೈ ಹಿಂದಕ್ಕೆ ತೆಗೆದಳು. ಬಸ್ ಸ್ಟಾಪಿನವರೆಗೆ ನಡೆಯುತ್ತ ಅಳು ಬಂತು. ಗಂಡನ ಕೈ ಸುಟ್ಟದ್ದು ತನಗೆ ಗೊತ್ತಿಲ್ಲ ಎನ್ನುವುದು ಅವಳಿಗೆ ಸುಟ್ಟದ್ದಕ್ಕಿಂತ ಹೆಚ್ಚು ಉರಿಯಿತು. ಇದು ಸಂಸಾರವೋ, ಪಾಳಿ ಬದಲಿಸುವ ಕಾರ್ಖಾನೆಯೋ ಎಂದು ತನ್ನ ಮೇಲೇ ಸಿಟ್ಟು ಬಂತು.

ಅಂದು ಪಾಳಿ ಮುಗಿದಾಗ ಲೂಯಿಸ್ ಕಾರಿನ ಬಾಗಿಲು ತೆರೆದು ಕಾದಿದ್ದ. ವಸಂತಿ ಹತ್ತಲಿಲ್ಲ.

“ಲೂಯಿಸಣ್ಣ, ಇನ್ನ್ ನಾನ್ ಬಸ್ಸಂಗೇ ಹೋತೆ.”

“ಯಾಕೆ ಅಕ್ಕ? ನನ್ನಿಂದ ಏನಾದ್ರೂ ತಪ್ಪಾಯ್ತಾ? ಮಾತು ಜಾಸ್ತಿ ಆಯ್ತಾ? ಮೆಟಿಲ್ಡಾ ಹೇಳ್ತಾಳೆ, ನೀವು ಅವರ ತಲೆ ತಿನ್ನಬೇಡಿ ಅಂತ.”

“ಅಯ್ಯೋ, ಹಾಂಗಲ್ದ. ಹ್ಯಾರೋದಂಗೆ ಸ್ವಲ್ಪ ಕೆಲ್ಸ ಇತ್ತ್.”

“ದಿನಾಲೂ?”

“ದಿನಾಲೂ.”

ಲೂಯಿಸ್ ಅವಳ ಮುಖ ನೋಡಿದ. ಕೆಂಪೇರಿದ ಕಣ್ಣುಗಳನ್ನು ಕಂಡನೋ ಏನೋ, ಮತ್ತೆ ಕೆದಕಲಿಲ್ಲ. “ಆಯ್ತು ಅಕ್ಕ. ಮಳೆ ಜೋರಿದ್ದ ದಿನ ಮಾತ್ರ ನಾಚಿಕೆ ಮಾಡಬೇಡಿ, ಹೇಳಿ” ಎಂದು ಬಾಗಿಲು ಹಾಕಿಕೊಂಡ.

ಮೊದಲ ಬಸ್ಸು ತಡವಾಗಿ ಬಂತು. ಎರಡನೆಯದರಲ್ಲಿ ಸೀಟು ಸಿಕ್ಕಿತು, ಆದರೆ ನಿದ್ದೆ ಹತ್ತಲಿಲ್ಲ. ಹೊಳೆದದ್ದು ಆಗ: ಮಂಜಯ್ಯನಿಗೆ ಈಗ ಹ್ಯಾರೋದಲ್ಲಿ ಇಳಿಯುವ ಕಾರಣವೇ ಇಲ್ಲ. ಅವನ ಬಸ್ಸು ಸೀದಾ ಸೌತ್ ಹ್ಯಾರೋಗೆ ಹೋಗುತ್ತದೆ. ಫೋನು ಮಾಡೋಣವೆಂದರೆ ಏನೆಂದು ಹೇಳುವುದು? ನಿಮ್ಮನ್ನು ನೋಡಬೇಕೆನಿಸಿತು ಎಂದೇ? ಮದುವೆಯಾಗಿ ಇಷ್ಟು ವರ್ಷದಲ್ಲಿ ಅಂಥ ಮಾತು ಇಬ್ಬರ ಬಾಯಲ್ಲೂ ಬಂದದ್ದಿಲ್ಲ. ಕುಂದಾಪುರದ ಕಡೆಯವರು ಪ್ರೀತಿಯನ್ನು ಹೇಳುವುದಿಲ್ಲ, ಊಟವಾಯಿತೇ ಎಂದು ಕೇಳುತ್ತಾರೆ. ಅದೂ ಆಗದಿದ್ದರೆ ಬೀಗದಕೈ ಮಾಡಿಸಿಕೊಡುತ್ತಾರೆ.

ಹ್ಯಾರೋ ನಿಲ್ದಾಣದಲ್ಲಿ ಶಾಲೆ ಬಿಟ್ಟ ಮಕ್ಕಳು, ತಳ್ಳುಗಾಡಿಯ ತಾಯಂದಿರು, ಚಿಪ್ಸಿಗೆ ಮುತ್ತಿದ ಪಾರಿವಾಳಗಳು. ವಸಂತಿ ಹಳೆಯ ಬೆಂಚಿನ ಮೇಲೆ ಕುಳಿತಳು. ಅವನ ಮಾರ್ಗದ ಬಸ್ಸು ಬಂತು. ಇಳಿಯುವವರೆಲ್ಲ ಇಳಿದರು, ಅವನಿರಲಿಲ್ಲ. ಇನ್ನೊಂದು ಬಂತು. ಅದರಲ್ಲೂ ಇಲ್ಲ. ಆಗಲೇ ಹೋಗಿಬಿಟ್ಟಿರಬೇಕು, ಮೊದಲ ಬಸ್ಸು ತಡವಾದದ್ದೇ ಕೆಟ್ಟಿತು ಎಂದುಕೊಂಡು ಎದ್ದಳು. ತನ್ನ ಬಸ್ಸಿನ ಸಾಲಿಗೆ ನಡೆಯುವಷ್ಟರಲ್ಲಿ ಎದುರಿನಿಂದ ಮತ್ತೊಂದು ಬಂದು ನಿಂತಿತು. ಎಲ್ಲರಿಗಿಂತ ಕೊನೆಗೆ, ಎಡಗೈಯಲ್ಲಿ ಕಂಬಿ ಹಿಡಿದು, ಮಂಜಯ್ಯ ಇಳಿದ.

ಇಳಿದವನು ಸೀದಾ ಬೆಂಚಿನತ್ತ ನಡೆದ. ಇವಳನ್ನು ಕಂಡದ್ದು ಆಮೇಲೆ.

“ನೀನ್ ಎಂತಕ್ ಇಲ್ಲಿ?”

“ನೀವ್ ಎಂತಕ್ ಇಳ್ದ್ರಿ?”

ಮಂಜಯ್ಯ ಸಿಕ್ಕಿಬಿದ್ದವನಂತೆ ಗಡ್ಡ ಕೆರೆದುಕೊಂಡ. “ಮೊದ್ಲಿನ ಅಭ್ಯಾಸ. ಇಲ್ಲ್ ಬಂದ್ ಕೂಡ್ಲೆ ಕಾಲ್ ಇಳ್ದ್ ಬಿಡತ್ತ್. ಒಂಚೂರ್ ಕೂಕಂಡ್, ಮುಂದಿನ ಬಸ್ಸಿಗ್ ಹೋತೆ.”

“ದಿನಾ?”

ಅವನು ಬಸ್ಸು ಬರುವ ದಿಕ್ಕಿಗೆ ನೋಡಿದ. ವಸಂತಿ ಅವನ ಬಲಗೈಯನ್ನು ಹಿಡಿದು ಕೋಟಿನ ತೋಳನ್ನು ಮೇಲಕ್ಕೆ ಸರಿಸಿದಳು. ನಾಲ್ಕು ಜನರೆದುರು ಅವನ ಕೈ ಹಿಡಿದದ್ದು ಧಾರೆಯ ದಿನ ಬಿಟ್ಟರೆ ಇದೇ ಮೊದಲು.

“ಇದ್ ಯಾವಾಗ?”

“ಎಂತ ಇಲ್ಲ ಮಾರಾಯ್ತಿ. ಎಣ್ಣಿ ಹಾರ್ತ್. ಈಗ ಗುಣ ಆಯ್ತ್.”

“ನಂಗೊಂದ್ ಮಾತ್ ಹೇಳೂಕೆ ಆಗ್ಲಿಲ್ಯಾ?”

“ನೀನ್ ಮನಿಕಂಡಿದ್ದೆ. ಎಬ್ಬಿಸೂಕೆ ಮನಸ್ ಬರ್ಲಿಲ್ಲ.”

ಅವಳು ಕೈ ಬಿಡಲಿಲ್ಲ. ಬ್ಯಾಂಡೇಜಿನ ಬಿಟ್ಟ ನೂಲನ್ನು ಒಳಕ್ಕೆ ಸಿಕ್ಕಿಸಿದಳು. ಆಮೇಲೆ ಪರ್ಸಿನಿಂದ ಹೊಸ ಬೀಗದಕೈಯನ್ನು ತೆಗೆದು ಅವನ ಮುಂದೆ ಹಿಡಿದಳು.

“ಇದ್ ತಿರ್ಗುದಿಲ್ಲ ಕಾಣಿ.”

ಮಂಜಯ್ಯ ಅದನ್ನು ತೆಗೆದುಕೊಂಡು ಆ ಬದಿ ಈ ಬದಿ ಮಗುಚಿ ನೋಡಿದ. ತಾನೇ ತಿರುಗಿಸಿ ನೋಡಿದ್ದ ಬೀಗದಕೈ. ಇಷ್ಟು ದಿನ ಅವಳು ಯಾವುದರಲ್ಲಿ ಬಾಗಿಲು ತೆರೆದಳು ಎಂದು ಕೇಳಬಹುದಿತ್ತು. ಕೇಳಲಿಲ್ಲ.

“ಹೌದಾ” ಎಂದ. “ಈ ದೇಶದವ್ರ್ ಕೆಲ್ಸವೇ ಇಷ್ಟ್.” ಹೊಸದನ್ನು ಜೇಬಿಗೆ ಹಾಕಿಕೊಂಡು, ಕೆಂಪು ನೂಲಿನ ಹಳೆಯದನ್ನು ತೆಗೆದು ಅವಳ ಅಂಗೈಯಲ್ಲಿಟ್ಟ. “ರಾತ್ರಿ ಬಾಗ್ಲ್ ತಟ್ಟ್‌ತೆ. ನಿದ್ರಿ ಹಾಳಾತ್ತ್ ನಿಂಗೆ.”

“ಆಯ್ಲಿ.”

“ಇವತ್ತ್ ಗಂಜಿ ತಿಳಿ ತರ್ಲಿಲ್ಲ.”

“ನಾಳಿ ತನ್ನಿ.”

ಅವನ ಬಸ್ಸು ಬಂತು. “ಬತ್ತೆ” ಎಂದು ಹತ್ತಿದ. ಕಿಟಕಿಯ ಪಕ್ಕ ಜಾಗ ಸಿಗದೆ ನಡುವೆ ನಿಂತುಕೊಂಡವನು, ಬಸ್ಸು ತಿರುಗುವವರೆಗೂ ತಲೆ ಬಗ್ಗಿಸಿ ಹೊರಗೆ ನೋಡುತ್ತಿದ್ದ.

ವಸಂತಿ ತನ್ನ ಬಸ್ಸು ಹತ್ತಿ ಹಿಂದಿನ ಸೀಟಿನಲ್ಲಿ ಕುಳಿತಳು. ಬೀಗದಕೈಯನ್ನು ಪರ್ಸಿಗೆ ಹಾಕಲಿಲ್ಲ. ಅದು ಅವನ ಜೇಬಿನಲ್ಲಿದ್ದು ಇನ್ನೂ ಬೆಚ್ಚಗಿತ್ತು. ಮುಷ್ಟಿಯಲ್ಲಿ ಹಿಡಿದು, ತಲೆಯನ್ನು ಗಾಜಿಗೆ ಒರಗಿಸಿದಳು. ಕೆಂಟನ್ ದಾಟುವಷ್ಟರಲ್ಲಿ ಕಣ್ಣು ಮುಚ್ಚಿತು. ಕ್ವೀನ್ಸ್‌ಬರಿಯ ಸ್ಟಾಪಿನ ಹೆಸರನ್ನು ಬಸ್ಸು ಎರಡು ಸಲ ಕೂಗಿ ಹೇಳಿತು. ಬಾಗಿಲು ತೆರೆಯಿತು, ಯಾರೋ ಇಳಿದರು, ಯಾರೋ ಹತ್ತಿದರು. ವಸಂತಿಯ ಬೆರಳುಗಳ ನಡುವಿನಿಂದ ಕೆಂಪು ನೂಲು ಜೋತಾಡುತ್ತಿತ್ತು. ಬಾಗಿಲು ಮುಚ್ಚಿ ಬಸ್ಸು ಮುಂದಕ್ಕೆ ಹೋಯಿತು.